ಬಣ್ಣ ಹಚ್ಚದ ಫೈಬರ್ ಬಾಡಿ: ದೋಷ ಯಾವ ಪದರದ್ದು, ರಿಪೇರಿ ಎಲ್ಲಿಂದ?

ಫೈಬರ್ ಬಾಡಿಯ ಬಣ್ಣ ಕೆಟ್ಟಾಗ ಬೈಸಿಕೊಳ್ಳುವವನು ಪೇಂಟರ್. ಆದರೆ ಬಹುತೇಕ ಸಲ ತಪ್ಪು ಅವನ ಕೈಗೆ ಬರುವ ಮೊದಲೇ ಆಗಿರುತ್ತದೆ. ಗುಳ್ಳೆ, ಬಿರುಕು, ಸೂಜಿತೂತು, ಹಾಳೆಯಂತೆ ಏಳುವ ಬಣ್ಣ, ಇವೆಲ್ಲ ಕೆಳಗಿನ ಯಾವುದೋ ಒಂದು ಪದರದಲ್ಲಿ ಹುಟ್ಟಿ ಮೇಲೆ ಕಾಣಿಸಿಕೊಳ್ಳುತ್ತವೆ. ಆ ಪದರ ಯಾವುದೆಂದು ಗೊತ್ತುಮಾಡಿಕೊಳ್ಳದೆ ಪುಟ್ಟಿ ಡಬ್ಬಿ ತೆರೆದರೆ ಅದೇ ದೋಷ ಮುಂದಿನ ಬೇಸಿಗೆಗೆ ಅದೇ ಜಾಗದಲ್ಲಿ ಏಳುತ್ತದೆ. “ಪುಟ್ಟಿ ಹಚ್ಚಿದ್ರ ಎಲ್ಲಾ ಮುಚ್ಚಿ ಹೋಗ್ತದ್ರಿ” ಎಂಬ ಮಾತು ತಗಡಿನ ಬಾಡಿಗೆ ಒಂದಿಷ್ಟು ನಡೆದೀತು, ಫೈಬರಿಗೆ ನಡೆಯುವುದಿಲ್ಲ.

ಇಲ್ಲಿ ಬರೆದಿರುವುದು ಕಿಟ್ ಕಾರಿನ (ಬಿಡಿಭಾಗ ತಂದು ನಾವೇ ಜೋಡಿಸುವ ಕಾರು) ಬಿಳಿ ಇಲ್ಲವೇ ಬೂದು ಬಣ್ಣದ ಕಚ್ಚಾ ಬಾಡಿಯ ಬಗ್ಗೆ. ಎಂಜಿನಿಯರಿಂಗ್ ಕಾಲೇಜಿನ ತಂಡಗಳು ಸ್ಪರ್ಧೆಯ ಗಾಡಿಗೆ ಎರಕ ತೆಗೆಯುವ ಬಾಡಿ, ತೋಟದಲ್ಲಿ ಓಡಿಸುವ ಬಗ್ಗಿ, ಜೀಪಿನ ಹಾರ್ಡ್‌ಟಾಪ್, ಇವಕ್ಕೂ ಇದೇ ಕ್ರಮ. ಕರ್ನಾಟಕಕ್ಕೆ ಫೈಬರ್ ಕಾರು ಹೊಸದಲ್ಲ, 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿ ಡಾಲ್ಫಿನ್ ಇದೇ ಮೈ ಹೊತ್ತು ರಸ್ತೆಗೆ ಬಂದಿತ್ತು. ನೋಂದಣಿಯಾದ ಗಾಡಿಯ ಮೇಲೆ ಬೇರೆ ಬಾಡಿ ಕೂರಿಸಿ ರಸ್ತೆಗೆ ಇಳಿಸುವ ಯೋಚನೆ ಇದ್ದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಆರ್‌ಟಿಒ ಕಚೇರಿಯಲ್ಲಿ ಮೊದಲು ವಿಚಾರಿಸಿ, ಆಮೇಲೆ ರೆಸಿನ್ ಕೊಳ್ಳಿ.

ಒಳಗಿನ ರಚನೆ

ಹೊರಗಿನಿಂದ ಒಳಕ್ಕೆ ಎರಡೇ ಪದರ. ಮೊದಲನೆಯದು ಜೆಲ್ ಕೋಟ್: ಗಾಜಿನ ಎಳೆ ಇಲ್ಲದ, ದಪ್ಪನೆಯ ಪಾಲಿಯೆಸ್ಟರ್ ರೆಸಿನ್, ಸುಮಾರು ಅರ್ಧ ಮಿಲಿಮೀಟರ್. ಅದರ ಹಿಂದೆ ರೆಸಿನ್ ಕುಡಿಸಿದ ಗ್ಲಾಸ್ ಮ್ಯಾಟ್, ಅಂದರೆ ಗಾಜಿನ ಎಳೆಗಳ ಹಾಸು. ಅಂಗಡಿಯಲ್ಲಿ ‘450 ಮ್ಯಾಟ್’ ಎಂದರೆ ಒಂದು ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್. ಕೈಯಿಂದ ರೆಸಿನ್ ಕುಡಿಸಿದಾಗ ಇದರ ಒಂದು ಪದರ ಹೆಚ್ಚುಕಡಿಮೆ 1 ಮಿಮೀ ದಪ್ಪ ಕೊಡುತ್ತದೆ. ಆದ್ದರಿಂದ 3 ಮಿಮೀ ಬಾಡಿ ಎಂದರೆ ಅರ್ಧ ಮಿಲಿ ಜೆಲ್ ಕೋಟ್, ಹಿಂದೆ ಎರಡು-ಮೂರು ಪದರ ಮ್ಯಾಟ್. ಲೈಟ್ ಕೂರಿಸುವ ತೂತಿನ ಅಂಚಿನಲ್ಲಿ ವರ್ನಿಯರ್ ಇಟ್ಟು ಅಳೆದು ಬರೆದಿಟ್ಟುಕೊಳ್ಳಿ, ಮುಂದೆ ಲೆಕ್ಕಕ್ಕೆ ಬೇಕಾಗುತ್ತದೆ.

ಗಟ್ಟಿತನವೆಲ್ಲ ಮ್ಯಾಟಿನದು. ಜೆಲ್ ಕೋಟ್ ಗಡಸು, ಆದರೆ ಬಾಗಿದರೆ ಸೀಳುತ್ತದೆ. ಮುಂದೆ ಬರುವ ಬಿರುಕುಗಳಲ್ಲಿ ಬಹಳಷ್ಟಕ್ಕೆ ಇದೇ ಕಾರಣ.

ಎಮರಿ ಪೇಪರ್ ಮುಟ್ಟುವ ಮೊದಲು ಐದು ಪರೀಕ್ಷೆ

ಬಾಡಿಯನ್ನು ಮೊದಲು ಚಾಸಿಗೆ ಕೂರಿಸಿ, ಬಾಗಿಲು, ಬಾನೆಟ್ ತೂಗು ಹಾಕಿ ಸಂದು ಸರಿಮಾಡಿ. ನೆಲದ ಮೇಲಿಟ್ಟು ಉಜ್ಜಿ ಸಪಾಟು ಮಾಡಿದ ಬಾಡಿ ಬೋಲ್ಟ್ ಬಿಗಿದ ಕೂಡಲೇ ಬೇರೆ ಆಕಾರ ತಾಳುತ್ತದೆ. ಆಮೇಲೆ ಪರೀಕ್ಷೆ.

ಒಂದನೆಯದು ನಾಣ್ಯದ್ದು. ಹತ್ತು ರೂಪಾಯಿ ನಾಣ್ಯದ ಅಂಚಿನಿಂದ ಎರಡೆರಡು ಇಂಚಿಗೊಮ್ಮೆ ಮೆಲ್ಲಗೆ ಬಡಿಯುತ್ತ ಹೋಗಿ. ಗಟ್ಟಿ ಜಾಗದಲ್ಲಿ ಚುರುಕಾದ ‘ಟಕ್’, ಪದರ ಬಿಟ್ಟ ಜಾಗದಲ್ಲಿ ಮಂದವಾದ ‘ಡಬ್’. ಕಾಯಿ ಬಲಿತಿದೆಯೇ ಎಂದು ತಟ್ಟಿ ನೋಡುವವರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಿಲ್ಲ. ಟೊಳ್ಳು ಸದ್ದಿನ ಜಾಗಕ್ಕೆಲ್ಲ ಪೆನ್ಸಿಲ್‌ನಿಂದ ಸುತ್ತು ಹಾಕಿ. ಮಾರ್ಕರ್ ಪೆನ್ ಬೇಡ, ಅದರ ಬಣ್ಣ ಪ್ರೈಮರ್ ದಾಟಿ ಮೇಲೆ ಇಣುಕುತ್ತದೆ.

ಎರಡನೆಯದು ಬೆಳಕಿನದು. ರಾತ್ರಿ ಬಾಡಿಯ ಒಳಗೆ ಎಲ್‌ಇಡಿ ದೀಪ ಹಿಡಿದು ಹೊರಗೆ ನಿಂತು ನೋಡಿ. ತೆಳು ಜಾಗ ಹೊಳೆಯುತ್ತದೆ, ರೆಸಿನ್ ಕುಡಿಯದ ಮ್ಯಾಟ್ ಬೆಳ್ಳಗೆ ಹತ್ತಿಯಂತೆ ಕಾಣುತ್ತದೆ, ಗಾಳಿಗುಳ್ಳೆಗಳು ಚುಕ್ಕೆಗಳಾಗಿ ತೋರುತ್ತವೆ. ಬಣ್ಣ ಹಚ್ಚದ ಬಾಡಿ ಮಾತ್ರ ಹೀಗೆ ತನ್ನ ಒಳಗನ್ನು ತೋರಿಸುತ್ತದೆ, ಪ್ರೈಮರ್ ಬಿದ್ದ ಮೇಲೆ ಈ ಅವಕಾಶ ಮುಗಿಯಿತು. ಕಪ್ಪು ಜೆಲ್ ಕೋಟ್ ಇದ್ದರೆ ಬೆಳಕು ದಾಟುವುದಿಲ್ಲ, ನಾಣ್ಯವೊಂದೇ ಗತಿ.

ಮೂರನೆಯದು ಅಸಿಟೋನಿನದು. ಕಾಣದ ಮೂಲೆಯಲ್ಲಿ ಅಸಿಟೋನ್ ಅದ್ದಿದ ಹತ್ತಿಯಿಂದ ಅರ್ಧ ನಿಮಿಷ ಉಜ್ಜಿ, ಆರಿದ ಮೇಲೆ ಬೆರಳಿಟ್ಟು ನೋಡಿ. ಅಂಟಿದರೆ ರೆಸಿನ್ ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ. ಮೂಗಿಗೆ ಹಸಿ ರೆಸಿನ್ನಿನ ಸ್ಟೈರೀನ್ ವಾಸನೆ ಹೊಡೆಯುತ್ತಿದ್ದರೂ ಅದೇ ಅರ್ಥ.

ನಾಲ್ಕನೆಯದು ನೀರಿನದು. ಮೈ ಮೇಲೆ ನೀರು ಸುರಿದಾಗ ಒಂದೇ ಹಾಳೆಯಾಗಿ ಹರಡಿ ನಿಂತರೆ ಮೈ ಶುದ್ಧ. ಕೆಸುವಿನ ಎಲೆಯ ಮೇಲೆ ಬಿದ್ದಂತೆ ಹನಿಹನಿಯಾಗಿ ಒಡೆದರೆ ಅಚ್ಚಿನ ಮೇಣ ಇನ್ನೂ ಅಲ್ಲೇ ಇದೆ.

ಐದನೆಯದು ಅಂಗೈಯದು. ಮೈಯ ಮೇಲೆ ತೆಳು ಅರಿವೆ ಹಾಸಿ, ಅದರ ಮೇಲೆ ಅಂಗೈ ಇಟ್ಟು ಉದ್ದಕ್ಕೂ ಸರಿಸಿ. ಕಣ್ಣಿಗೆ ಕಾಣದ ಅಲೆ ಕೈಗೆ ಗೊತ್ತಾಗುತ್ತದೆ.

ಪ್ರೈಮರ್ ಅಲ್ಲಲ್ಲಿ ಸರಿದು ಸಣ್ಣ ಕುಳಿ ಬೀಳುತ್ತದೆ, ಅಥವಾ ಬಣ್ಣ ಹಾಳೆಯಂತೆ ಏಳುತ್ತದೆ

ಕಾರಣ ಅಚ್ಚಿನಿಂದ ಬಂದ ಮೇಣ. ಬಾಡಿ ಅಚ್ಚಿಗೆ ಅಂಟಬಾರದೆಂದು ಮೊದಲು ಮೇಣ ತಿಕ್ಕಿ, ಕೆಲವರು ಅದರ ಮೇಲೆ ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್) ದ್ರಾವಣವನ್ನೂ ಹಚ್ಚಿರುತ್ತಾರೆ. ಪಿವಿಎ ನೀರಿನಲ್ಲಿ ಕರಗುತ್ತದೆ, ಮೇಣ ಕರಗುವುದಿಲ್ಲ. ಹೀಗಾಗಿ ಎರಡು ಬಾರಿ ತೊಳೆಯಬೇಕು: ಮೊದಲು ಬೆಚ್ಚನೆಯ ನೀರು, ಪಾತ್ರೆ ಸೋಪು, ನೈಲಾನ್ ಸ್ಕ್ರಬ್ಬರ್, ಒಣಗಿದ ಮೇಲೆ ಮೇಣ ತೆಗೆಯುವ ಸಾಲ್ವೆಂಟ್.

ಸಾಲ್ವೆಂಟ್ ಹಚ್ಚಲು ಒಂದು ಅರಿವೆ, ಅದು ಆರುವ ಮೊದಲೇ ಎತ್ತಲು ಇನ್ನೊಂದು ಒಣ ಅರಿವೆ. ಒಂದೇ ಅರಿವೆಯಿಂದ ಒರೆಸಿದರೆ ಮೇಣ ಹೋಗುವುದಿಲ್ಲ, ತೆಳ್ಳಗೆ ಹರಡಿಕೊಳ್ಳುತ್ತದೆ. ಎರಡು ಅಡಿ ಚೌಕದಷ್ಟು ಜಾಗ ಮುಗಿಸಿ ಮುಂದಕ್ಕೆ ಹೋಗಿ, ಅರಿವೆಯ ಮಡಿಕೆ ಬದಲಿಸುತ್ತಿರಿ. ಕೊನೆಗೆ ನೀರಿನ ಪರೀಕ್ಷೆ ಮತ್ತೊಮ್ಮೆ.

ಇದೆಲ್ಲ ಉಜ್ಜುವ ಮೊದಲೇ ಆಗಬೇಕು. ಮೇಣ ಇರುವಾಗಲೇ ಪೇಪರ್ ಹೊಡೆದರೆ ಗೀರುಗಳ ಒಳಗೆ ಅದು ತುಂಬಿಕೊಳ್ಳುತ್ತದೆ, ಅಲ್ಲಿಂದ ಎಬ್ಬಿಸುವುದು ಬಲು ಕಷ್ಟ. ಆಗಲೇ ಉಜ್ಜಿಬಿಟ್ಟಿದ್ದರೆ ಸಾಲ್ವೆಂಟಿನಿಂದ ಎರಡು ಸಲ ತೊಳೆದು, ಹೊಸ 180 ನಂಬರ್ ಎಮರಿ ಪೇಪರಿನಿಂದ (ನಂಬರ್ ಹೆಚ್ಚಿದಷ್ಟೂ ಪೇಪರ್ ನುಣುಪು) ಮತ್ತೆ ಉಜ್ಜಿ, ಮತ್ತೆ ತೊಳೆಯಿರಿ. ಮೇಣ ಮೆತ್ತಿದ ಹಳೆಯ ಪೇಪರ್ ಎಸೆಯಿರಿ.

ಸೂಜಿತೂತು: ಎಷ್ಟು ಪುಟ್ಟಿ ಹಚ್ಚಿದರೂ ಮತ್ತೆ ಕಾಣುತ್ತದೆ

ಫೈಬರ್ ಬಾಡಿಯಲ್ಲಿ ಅತಿ ಹೆಚ್ಚು ಸಮಯ ತಿನ್ನುವ ದೋಷ ಇದೇ, ಅವಸರ ಮಾಡಿದವರಿಗೆ ಅತಿ ಹೆಚ್ಚು ಕಾಡುವುದೂ ಇದೇ.

ಜೆಲ್ ಕೋಟಿನ ಹಿಂದೆ ಮೊದಲ ಮ್ಯಾಟ್ ಇಡುವಾಗ ರೋಲರ್ ಸರಿಯಾಗಿ ಒತ್ತದಿದ್ದರೆ ಗಾಳಿ ಸಿಕ್ಕಿಕೊಳ್ಳುತ್ತದೆ. ಚೂಪು ಅಂಚು, ಲೈಟಿನ ಕುಳಿ, ಬಾನೆಟ್ಟಿನ ಮಡಿಕೆ, ಇಂಥಲ್ಲಿ ಮ್ಯಾಟ್ ಬಾಗಲು ಒಪ್ಪದೆ ಹಿಂದೆ ಖಾಲಿ ಜಾಗ ಬಿಡುತ್ತದೆ. ಮೇಲ್ನೋಟಕ್ಕೆ ಜೆಲ್ ಕೋಟ್ ಇಡಿಯಾಗಿಯೇ ಇರುತ್ತದೆ. ಉಜ್ಜುತ್ತ ಹೋದಂತೆ ಅದು ತೆಳುವಾಗಿ, ಸಾಸಿವೆ ಕಾಳಿಗಿಂತ ಚಿಕ್ಕ ಬಾಯಿ ತೆರೆಯುತ್ತದೆ. ಹೊರಗೆ ಬಾಯಿ ಚಿಕ್ಕದು, ಒಳಗೆ ಹೊಟ್ಟೆ ದೊಡ್ಡದು. ಪುಟ್ಟಿ ಹಚ್ಚಿದಾಗ ಆ ಬಾಯಿಯ ಮೇಲೊಂದು ಚರ್ಮ ಕಟ್ಟುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ. ಬಣ್ಣ ಹಚ್ಚಿ ಬಿಸಿಲಿಗೆ ನಿಲ್ಲಿಸಿದಾಗ ಒಳಗಿನ ಗಾಳಿ ಹಿಗ್ಗಿ ಚರ್ಮವನ್ನು ಒದೆಯುತ್ತದೆ. ವಿಜಯಪುರದಲ್ಲಿ ಏಪ್ರಿಲ್-ಮೇ ತಿಂಗಳ 40 ಡಿಗ್ರಿ ಬಿಸಿಲಿಗೆ ಒಂದೇ ಮಧ್ಯಾಹ್ನ ಸಾಕು.

ಪರಿಹಾರ ತೂತನ್ನು ಮುಚ್ಚುವುದಲ್ಲ, ಮೊದಲು ದೊಡ್ಡದು ಮಾಡುವುದು. ಇಡೀ ಬಾಡಿಯನ್ನು 120 ಪೇಪರಿನಿಂದ ಒಮ್ಮೆ ಉಜ್ಜಿ, ಗಾಳಿ ಊದಿ ಧೂಳು ತೆಗೆಯಿರಿ. ಅಂಚು-ಮೂಲೆಗಳಲ್ಲಿ ಸ್ಕ್ರೂಡ್ರೈವರಿನ ಮೂಲೆಯಿಂದ ಒತ್ತಿ ನೋಡಿ, ಟೊಳ್ಳಿದ್ದರೆ ಮೊಟ್ಟೆ ಚಿಪ್ಪಿನಂತೆ ಒಳಕ್ಕೆ ಕುಸಿಯುತ್ತದೆ. ಕುಸಿಯುವುದನ್ನೆಲ್ಲ ಕುಸಿಯಲು ಬಿಡಿ. ಆಮೇಲೆ ಸಣ್ಣ ಡ್ರಿಲ್ ಬಿಟ್ ಅಥವಾ ಡೈ ಗ್ರೈಂಡರಿನಿಂದ ಆ ಬಾಯಿಯನ್ನು ಅಗಲಿಸಿ, ಒಳಗಿನ ಗೋಡೆ ಕಾಣುವಂತೆ ಬಟ್ಟಲಿನ ಆಕಾರ ಕೊಡಿ. ಊದಿ, ಅಸಿಟೋನಿನಿಂದ ಒರೆಸಿ, ಪೂರ್ತಿ ಆರಲು ಬಿಡಿ.

ಗೋದಿ ಕಾಳಿಗಿಂತ ದೊಡ್ಡ ಕುಳಿಗೆ ಸಾದಾ ಪುಟ್ಟಿ ಸಾಲದು. ಕ್ಯಾಟಲಿಸ್ಟ್ (ಎಂಇಕೆಪಿ, ರೆಸಿನ್ನನ್ನು ಗಟ್ಟಿಯಾಗಿಸುವ ದ್ರವ, ಅಳತೆ ಮುಂದಿದೆ) ಬೆರೆಸಿದ ರೆಸಿನ್, ಟಾಲ್ಕ್ ಪುಡಿ ಮತ್ತು ಮ್ಯಾಟಿನಿಂದ 5-6 ಮಿಮೀ ಉದ್ದಕ್ಕೆ ಕತ್ತರಿಸಿದ ಎಳೆ ಸೇರಿಸಿ ಮುದ್ದೆ ಕಲಸಿಕೊಳ್ಳಿ. ಹದ ಶ್ರೀಖಂಡದಂತಿರಬೇಕು: ಚಮಚ ಮೇಲೆತ್ತಿ ಓರೆ ಮಾಡಿದರೆ ಜಾರಬೇಕು, ಆದರೆ ಸುರಿಯಬಾರದು. ಮೊದಲು ಕುಳಿಯೊಳಗೆ ಪುಡಿ, ಎಳೆ ಇಲ್ಲದ ಅದೇ ರೆಸಿನ್ ಬ್ರಷ್‌ನಿಂದ ಸವರಿ, ಅದು ಹಸಿ ಇರುವಾಗಲೇ ಮುದ್ದೆಯನ್ನು ಪಟ್ಟಿಯ ಮೂಲೆಯಿಂದ ಒಂದು ಬದಿಯಿಂದ ತಳ್ಳುತ್ತ ತುಂಬಿ, ಎದುರು ಬದಿಯಿಂದ ಗಾಳಿ ಹೊರಬರಲಿ. ನೇರ ಮೇಲಿನಿಂದ ಒತ್ತಿದರೆ ಗಾಳಿ ತಳದಲ್ಲೇ ಉಳಿಯುತ್ತದೆ.

ಉಳಿದ ನೂರಾರು ಸಣ್ಣ ತೂತಿಗೆ ಪಾಲಿಯೆಸ್ಟರ್ ಪುಟ್ಟಿಯನ್ನು ರಬ್ಬರ್ ಪಟ್ಟಿಯಿಂದ ಮೊದಲು ಅಡ್ಡಕ್ಕೆ, ಕೂಡಲೇ ಉದ್ದಕ್ಕೆ, ಬಿಗಿಯಾಗಿ ಎಳೆಯಿರಿ. ಡಬ್ಬಿಯಲ್ಲಿ ಒಂದೇ ಭಾಗವಾಗಿ ಬರುವ, ನೈಟ್ರೋಸೆಲ್ಯುಲೋಸಿನಿಂದ ಮಾಡಿದ ಎನ್‌ಸಿ ಪುಟ್ಟಿ ಈ ಕೆಲಸಕ್ಕೆ ಬೇಡ. ಅದು ಥಿನ್ನರ್ ಆರಿ ಗಟ್ಟಿಯಾಗುವಂಥದ್ದು, ತಿಂಗಳುಗಟ್ಟಲೆ ಕುಗ್ಗುತ್ತಲೇ ಇರುತ್ತದೆ, ತುಂಬಿದ ತೂತು ಮತ್ತೆ ತಗ್ಗಾಗಿ ಕಾಣುತ್ತದೆ. ಹಾರ್ಡ್‌ನರ್ ಬೆರೆಸುವ ಪುಟ್ಟಿಯಲ್ಲಿ 100 ಗ್ರಾಮಿಗೆ ಸುಮಾರು 2 ಗ್ರಾಂ ಹಾರ್ಡ್‌ನರ್ ಹಾಕಿ. ‘ಬೇಗ ಒಣಗಲಿ’ ಎಂದು ಹೆಚ್ಚು ಹಿಂಡಿದರೆ ಉಳಿದ ಪೆರಾಕ್ಸೈಡ್ ಬಣ್ಣದ ಮೂಲಕ ಮೇಲೆ ಬಂದು ಕಲೆ ಮಾಡುತ್ತದೆ. ತಿಳಿ ನೀಲಿ, ಬಿಳಿ ಬಣ್ಣಗಳಲ್ಲಿ ಈ ಕಲೆ ಎದ್ದು ಕಾಣುತ್ತದೆ.

ಬಿರುಕು: ಅದರ ಆಕಾರವೇ ಕಾರಣ ಹೇಳುತ್ತದೆ

ನಕ್ಷತ್ರದಂತೆ ಒಂದು ಬಿಂದುವಿನಿಂದ ಸುತ್ತಲೂ ಚದುರಿದ್ದರೆ ಹಿಂಬದಿಯಿಂದ ಪೆಟ್ಟು ಬಿದ್ದಿದೆ. ಅಚ್ಚಿನಿಂದ ಬಿಡಿಸುವಾಗ ಸುತ್ತಿಗೆ ಹೊಡೆದಿರುತ್ತಾರೆ, ಇಲ್ಲವೇ ಲಾರಿಯಲ್ಲಿ ತರುವಾಗ ಬಡಿದಿರುತ್ತದೆ. ಒಂದರ ಪಕ್ಕ ಒಂದು ಸಮಾನಾಂತರ ಗೆರೆಗಳಿದ್ದರೆ ಬಾಡಿಯ ಆ ಹಲಗೆ (ಪ್ಯಾನಲ್) ಬಾಗುತ್ತಿದೆ, ಅಂದರೆ ಹಿಂದೆ ಆಧಾರ ಸಾಲದು. ಬೋಲ್ಟ್ ತೂತಿನ ಸುತ್ತ ಉಂಗುರವಾಗಿದ್ದರೆ ಬಿಗಿತ ಹೆಚ್ಚಾಗಿದೆ ಅಥವಾ ವಾಷರ್ ಚಿಕ್ಕದು. ಒಳಮೂಲೆಯ ಉದ್ದಕ್ಕೂ ಕೂದಲೆಳೆಯ ಬಿರುಕುಗಳಿದ್ದರೆ ಅಲ್ಲಿ ಜೆಲ್ ಕೋಟ್ ಮಡುಗಟ್ಟಿ ದಪ್ಪವಾಗಿದೆ.

ಬಿರುಕು ಎಲ್ಲಿಯವರೆಗೆ ಹೋಗಿದೆ ಎಂದು ನೋಡಲು, ಉಜ್ಜಿ ತೆಗೆಯಲಿರುವ ಜಾಗದಲ್ಲಿ ಮಾತ್ರ, ನೀರಿನಲ್ಲಿ ತೊಳೆದು ಹೋಗುವ ಮಸಿ ಸವರಿ ಕೂಡಲೇ ಒರೆಸಿ. ಬಿರುಕಿನಲ್ಲಿ ಮಸಿ ನಿಲ್ಲುತ್ತದೆ. ಆಮೇಲೆ ಡೈ ಗ್ರೈಂಡರಿನಿಂದ ಇಂಗ್ಲಿಷ್ ‘ವಿ’ ಆಕಾರದ ತೋಡು ಕೊರೆಯಿರಿ. ಮಸಿಗೆರೆ ಮಾಯವಾಗುವವರೆಗೆ ಆಳ, ಅದರ ತುದಿಯಿಂದ ಇನ್ನೂ 10 ಮಿಮೀ ಉದ್ದ. ಗೆರೆ ಜೆಲ್ ಕೋಟಿನಲ್ಲೇ ಮುಗಿದರೆ ಎಳೆ ಬೆರೆಸಿದ ಮುದ್ದೆ ತುಂಬಿ ಉಜ್ಜಿದರೆ ಸಾಕು. ಮ್ಯಾಟಿನವರೆಗೂ ಇಳಿದಿದ್ದರೆ, ಅಥವಾ ಹಲಗೆ ಬಾಗುವುದರಿಂದ ಬಿರುಕು ಬಂದಿದ್ದರೆ, ಮೊದಲು ಹಿಂಬದಿಯ ಕೆಲಸ: 80 ಪೇಪರಿನಿಂದ ಕೆರೆದು ಬಿರುಕಿನ ಎರಡೂ ಬದಿಗೆ 5 ಸೆಂಮೀ ಚಾಚುವಂತೆ 450 ಮ್ಯಾಟಿನ ಎರಡು ಪದರ. ಹಲಗೆ ಅಗಲವಾಗಿದ್ದರೆ ಪಟ್ಟಿಯಂತೆ ಕತ್ತರಿಸಿದ ಫೋಮ್ ಮೇಲೆ ಮ್ಯಾಟ್ ಹೊದಿಸಿ ಒಂದು ಏಣು ಕಟ್ಟಿ. ಬಾಗುವುದನ್ನು ನಿಲ್ಲಿಸದೆ ಮೇಲಿನ ಬಿರುಕು ತುಂಬಿದರೆ ಆರು ತಿಂಗಳಲ್ಲಿ ಅದೇ ಗೆರೆ ಬಣ್ಣದ ಮೇಲೆ ಬರುತ್ತದೆ.

ಅಚ್ಚಿನ ಎರಡು ತುಂಡು ಸೇರುವ ಜಾಗದಲ್ಲಿ ಉಬ್ಬಿದ ಗೆರೆ ಇರುತ್ತದಲ್ಲ, ಅದನ್ನೂ ಇದೇ ಸಾಲಿಗೆ ಸೇರಿಸಿ. ಅಲ್ಲಿ ಬರಿ ರೆಸಿನ್ ಇರುವುದೇ ಹೆಚ್ಚು, ಎಳೆ ಇರುವುದಿಲ್ಲ. ಉಬ್ಬನ್ನು ಉಜ್ಜಿ ಬಿಟ್ಟರೆ ಮುಂದೊಂದು ದಿನ ಉದ್ದಕ್ಕೂ ಸೀಳುತ್ತದೆ. 5 ಮಿಮೀ ಅಗಲ, 1 ಮಿಮೀ ಆಳದ ತೋಡು ಹೊಡೆದು ಎಳೆಯ ಮುದ್ದೆ ತುಂಬಿ.

ಮುರಿದ ಅಥವಾ ಟೊಳ್ಳಾದ ಜಾಗ

ಟೊಳ್ಳು ಸದ್ದು ಅಂಗೈಯಗಲ ಮೀರಿದರೆ ಕತ್ತರಿಸಿ ಹೊಸದು ಹಾಕುವುದೇ ಒಳ್ಳೆಯದು. ಸಿರಿಂಜಿನಿಂದ ರೆಸಿನ್ ಚುಚ್ಚುವ ಉಪಾಯ ನಾಣ್ಯದಷ್ಟು ಜಾಗಕ್ಕೆ ಮಾತ್ರ.

10 ಸೆಂಮೀ ಅಗಲದ ಒಂದು ತೂತು, 3 ಮಿಮೀ ದಪ್ಪದ ಬಾಡಿ ಎಂದಿಟ್ಟುಕೊಳ್ಳಿ. ತೂತಿನ ಅಂಚನ್ನು ಸುತ್ತಲೂ ಇಳಿಜಾರಾಗಿ ಉಜ್ಜಬೇಕು. ದಪ್ಪದ 12 ಪಟ್ಟು ಅಗಲ ಇಡಿ, ಅಂದರೆ 36 ಮಿಮೀ. ಈಗ ಮೇಲಿನ ವೃತ್ತ ಸುಮಾರು 17 ಸೆಂಮೀ ಆಯಿತು. ಅಂಚನ್ನು ನೆಟ್ಟಗೆ ಬಿಟ್ಟು ತೇಪೆ ಹಾಕಿದರೆ ಹಿಡಿತಕ್ಕೆ ಸಿಗುವುದು ಬರಿ 3 ಮಿಮೀ ಗೋಡೆ. ಇಳಿಜಾರಿನಲ್ಲಿ ಅದರ ಹತ್ತಾರು ಪಟ್ಟು ಮೈ ಸಿಗುತ್ತದೆ. ಹಳೆಯ ಪಾಲಿಯೆಸ್ಟರ್ ಮೇಲೆ ಹೊಸದು ರಾಸಾಯನಿಕವಾಗಿ ಬೆಸೆಯುವುದಿಲ್ಲ, ಗೀರುಗಳನ್ನು ಹಿಡಿದು ನಿಲ್ಲುತ್ತದೆ ಅಷ್ಟೇ. ಹಾಗಾಗಿ ಈ ಅಗಲದಲ್ಲಿ ರಾಜಿ ಬೇಡ. 80 ಪೇಪರಿನ ಒರಟು ಗೀರು ಇರಲಿ, ನುಣುಪು ಮಾಡಬೇಡಿ.

ಹೊರಬದಿಗೆ ಪಾಲಿಥಿನ್ ಹಾಳೆ ಹೊದಿಸಿದ ರಟ್ಟನ್ನು ಟೇಪಿನಿಂದ ಅಂಟಿಸಿ, ಮೊದಲು ಹಿಂಬದಿಯಿಂದ 22 ಸೆಂಮೀ ಚೌಕದ 450 ಮ್ಯಾಟ್ ಎರಡು ಪದರ ಹಾಕಿ. ಅದು ಗಟ್ಟಿಯಾದ ಮೇಲೆ ರಟ್ಟು ತೆಗೆದು, ಒಳಗೆ ಸಿಕ್ಕ ಮೈಯನ್ನು 80ರಿಂದ ಕೆರೆದು, ಮುಂಬದಿಯಿಂದ 17, 14, 11 ಸೆಂಮೀ ವೃತ್ತಗಳು, ದೊಡ್ಡದು ಮೊದಲು. ಮ್ಯಾಟನ್ನು ಕತ್ತರಿಯಿಂದ ಕತ್ತರಿಸುವ ಬದಲು ಕೈಯಿಂದ ಹರಿಯಿರಿ. ಹರಿದ ಅಂಚಿನ ಎಳೆಗಳು ಹರಡಿಕೊಂಡು ಗುರುತು ಕಾಣದಂತೆ ಬೆರೆಯುತ್ತವೆ.

ಲೆಕ್ಕ: ಹಿಂಬದಿಯ ಎರಡು ಪದರ ಸುಮಾರು 44 ಗ್ರಾಂ ಮ್ಯಾಟ್, ಮುಂಬದಿಯ ಮೂರು ವೃತ್ತ ಸೇರಿ 21 ಗ್ರಾಂ. ರೆಸಿನ್ ಮ್ಯಾಟಿನ ಎರಡೂವರೆ ಪಟ್ಟು, ಬ್ರಷ್ ಮತ್ತು ಲೋಟಕ್ಕೆ ಅಂಟುವುದೂ ಸೇರಿ ಹಿಂಬದಿಗೆ 120 ಗ್ರಾಂ, ಮುಂಬದಿಗೆ 80 ಗ್ರಾಂ ಸಾಕು. ಕ್ಯಾಟಲಿಸ್ಟ್ 1.5 ಶೇಕಡಾ ಎಂದರೆ ಕ್ರಮವಾಗಿ 1.8 ಗ್ರಾಂ ಮತ್ತು 1.2 ಗ್ರಾಂ, ಸಿರಿಂಜಿನಲ್ಲಿ ಸುಮಾರು 1.6 ಮತ್ತು 1 ಮಿಲಿ. ಮುಚ್ಚಳದಿಂದ ಅಂದಾಜು ಸುರಿಯಬೇಡಿ, ಔಷಧದಂಗಡಿಯ ಸಿರಿಂಜ್ ಮತ್ತು ಅಡುಗೆಮನೆಯ ಡಿಜಿಟಲ್ ತಕ್ಕಡಿ ತನ್ನಿ. ರೆಸಿನ್ ಹೆಚ್ಚಾದಷ್ಟೂ ಗಟ್ಟಿ ಎಂಬುದು ತಪ್ಪು, ಈ ಅಳತೆ ಮೀರಿ ರೆಸಿನ್ ಹೆಚ್ಚಾದರೆ ಅದು ಬರಿ ಗಾಜಿನಂತೆ ಸಿಡಿಯುತ್ತದೆ.

ಪಾಲಿಯೆಸ್ಟರ್ ಬದಲು ಎಪಾಕ್ಸಿ ಬಳಸುವುದಾದರೆ ಹಿಡಿತ ಹೆಚ್ಚು ಚೆನ್ನ, ಆದರೆ ಆಗ ಸಾಮಾನ್ಯ ಮ್ಯಾಟ್ ಬೇಡ. ಅದರ ಎಳೆಗಳನ್ನು ಹಿಡಿದಿರುವ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನಿಗೆ ಕರಗುವಂಥದ್ದು. ಎಪಾಕ್ಸಿಯಲ್ಲಿ ಕರಗದೆ ಮ್ಯಾಟ್ ರಟ್ಟಿನಂತೆ ಸೆಟೆದು ನಿಲ್ಲುತ್ತದೆ. ನೇಯ್ದ ಗ್ಲಾಸ್ ಬಟ್ಟೆ ಬಳಸಿ.

ರೆಸಿನ್ ಗಟ್ಟಿಯಾಗುತ್ತಿಲ್ಲ, ಮೇಲೆ ಜಿಗುಟು

ಮೇಲೆ ಮಾತ್ರ ಜಿಗುಟಾಗಿ ಕೆಳಗೆ ಗಟ್ಟಿಯಿದ್ದರೆ ಚಿಂತೆ ಬೇಡ. ಗಾಳಿಯ ಆಮ್ಲಜನಕ ಮೇಲ್ಮೈಯನ್ನು ಗಟ್ಟಿಯಾಗಲು ಬಿಡುವುದಿಲ್ಲ, ಇದು ಮ್ಯಾಟ್ ಕೆಲಸದ ರೆಸಿನ್ನಿನ ಸ್ವಭಾವ. ಅಸಿಟೋನಿನಿಂದ ಒರೆಸಿ ಉಜ್ಜಿ. ಕೊನೆಯ ಪದರದ ಮೇಲೆ ಪಾಲಿಯೆಸ್ಟರ್ ಹಾಳೆ ಒತ್ತಿದ್ದರೆ ಈ ಜಿಗುಟು ಬರುತ್ತಲೇ ಇರಲಿಲ್ಲ.

ಒಳಗೂ ಮೆತ್ತಗಿದ್ದರೆ ಮೂರು ಕಾರಣ. ಕ್ಯಾಟಲಿಸ್ಟ್ ಕಡಿಮೆ, ಚಳಿ, ಅಥವಾ ಆಕ್ಸಿಲರೇಟರ್ (ಕ್ಯಾಟಲಿಸ್ಟಿನ ಕೆಲಸ ಚುರುಕುಗೊಳಿಸುವ ಕೋಬಾಲ್ಟ್ ದ್ರವ) ಹಾಕಿಲ್ಲ. ಬೆಳಗಾವಿಯ ಡಿಸೆಂಬರ್-ಜನವರಿ ಬೆಳಗ್ಗೆ 15 ಡಿಗ್ರಿ ಆಸುಪಾಸು ಇರುವಾಗ ಕೆಲಸ ಶುರು ಮಾಡಬೇಡಿ, ಹತ್ತು ಗಂಟೆಯ ಬಿಸಿಲು ಬರಲಿ. ಕ್ಯಾಟಲಿಸ್ಟ್ 2 ಶೇಕಡಾ ಮೀರಿಸಬೇಡಿ. ಬೇಸಿಗೆಯಲ್ಲಿ ವಿಜಯಪುರ, ಬಾಗಲಕೋಟೆ ಕಡೆ ತೊಂದರೆ ಇದಕ್ಕೆ ಉಲ್ಟಾ: ಲೋಟದಲ್ಲೇ ಮುದ್ದೆಯಾಗಿ ಹೊಗೆ ಬರುತ್ತದೆ. ಆಗ ಕ್ಯಾಟಲಿಸ್ಟ್ 1 ಶೇಕಡಾಕ್ಕಿಂತ ಇಳಿಸುವುದು ತಪ್ಪು, ರೆಸಿನ್ ಎಂದೂ ಪೂರ್ತಿ ಗಟ್ಟಿಯಾಗದೆ ಉಳಿಯುತ್ತದೆ. ಬೆಳಗ್ಗೆ ಒಂಬತ್ತರೊಳಗೆ ಕೆಲಸ ಮಾಡಿ, ಒಮ್ಮೆಗೆ 150 ಗ್ರಾಮಿಗಿಂತ ಹೆಚ್ಚು ಕಲಸಬೇಡಿ, ಕಲಸಿದ್ದನ್ನು ಆಳವಾದ ಲೋಟದಲ್ಲಿಡದೆ ಅಗಲ ತಟ್ಟೆಗೆ ಹರವಿ. ಮೆತ್ತಗೆ ಉಳಿದ ರೆಸಿನ್ ಮೇಲೆ ಇನ್ನಷ್ಟು ಕ್ಯಾಟಲಿಸ್ಟ್ ಸವರಿದರೆ ಉಪಯೋಗವಿಲ್ಲ, ಕೆರೆದು ತೆಗೆಯಲೇಬೇಕು.

ಇಲ್ಲೊಂದು ಎಚ್ಚರಿಕೆ, ಇದನ್ನು ಕೆಲಸಕ್ಕೆ ಹೊಸದಾಗಿ ಬಂದ ಹುಡುಗರಿಗೂ ಮೊದಲ ದಿನವೇ ಹೇಳಿ. ಕೋಬಾಲ್ಟ್ ಆಕ್ಸಿಲರೇಟರ್ ಮತ್ತು ಎಂಇಕೆಪಿ ಕ್ಯಾಟಲಿಸ್ಟ್ ಎರಡನ್ನೂ ನೇರವಾಗಿ ಎಂದಿಗೂ ಬೆರೆಸಬಾರದು, ಬೆಂಕಿ ಹತ್ತಿ ಸಿಡಿಯುತ್ತದೆ. ಕೋಬಾಲ್ಟ್ ಅನ್ನು ರೆಸಿನ್ನಿಗೆ ಹಾಕಿ ಪೂರ್ತಿ ಕಲಸಿದ ಮೇಲೆಯೇ ಕ್ಯಾಟಲಿಸ್ಟ್. ಎರಡಕ್ಕೂ ಬೇರೆ ಸಿರಿಂಜ್, ಬೇರೆ ಕಪಾಟು. ಕೋಬಾಲ್ಟ್ ಮೊದಲೇ ಬೆರೆತ ರೆಸಿನ್ನೇ ಬೇಕೆಂದು ಅಂಗಡಿಯಲ್ಲಿ ಕೇಳಿ ತರುವುದು ಇನ್ನೂ ಕ್ಷೇಮ. ಕ್ಯಾಟಲಿಸ್ಟಿನ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು. ಕನ್ನಡಕ ಇಲ್ಲದೆ ಅಳೆಯಬೇಡಿ, ಬಿದ್ದರೆ 15 ನಿಮಿಷ ನೀರು ಹಾಯಿಸಿ ಸೀದಾ ಆಸ್ಪತ್ರೆಗೆ ಹೋಗಿ.

ಬಿಸಿಲಿನಲ್ಲಿ ಎಳೆಯ ಗುರುತು, ಪುಟ್ಟಿಯ ಅಂಚು ಕಾಣುತ್ತದೆ

ಶೆಡ್ಡಿನಲ್ಲಿ ಕನ್ನಡಿಯಂತಿದ್ದ ಬಾನೆಟ್ ಎರಡು ತಿಂಗಳ ಬಿಸಿಲಿಗೆ ಚಾಪೆಯಂತೆ ಗೆರೆಗೆರೆಯಾದರೆ, ಬಣ್ಣ ಹಚ್ಚಿದ ಮೇಲೆ ರೆಸಿನ್ ಇನ್ನೂ ಕುಗ್ಗಿದೆ ಎಂದರ್ಥ. ಎಳೆ ಕುಗ್ಗುವುದಿಲ್ಲ, ರೆಸಿನ್ ಕುಗ್ಗುತ್ತದೆ, ಅದರಿಂದ ಎಳೆಯ ಆಕಾರ ಮೇಲೆ ಮೂಡುತ್ತದೆ. ಆ ಕುಗ್ಗುವಿಕೆಯನ್ನು ಬಣ್ಣಕ್ಕೆ ಮೊದಲೇ ಮುಗಿಸಬೇಕು. ಹೊಸ ಬಾಡಿಯನ್ನು, ತೇಪೆಯೆಲ್ಲ ಆದ ಮೇಲೆ, ಚಾಸಿಗೆ ಬೋಲ್ಟ್ ಹಾಕಿದ ಸ್ಥಿತಿಯಲ್ಲೇ ಎರಡು-ಮೂರು ವಾರ ಬಿಸಿಲಿಗೆ ಬಿಡಿ. ನಮ್ಮ ಕಡೆಯ ಪತ್ರಾಸ್ ಶೆಡ್ಡು ಏಪ್ರಿಲಿನಲ್ಲಿ ಯಾವ ಓವನಿಗೂ ಕಡಿಮೆಯಿಲ್ಲ. ಆಧಾರವಿಲ್ಲದೆ ಬಿಸಿಲಿಗಿಟ್ಟರೆ ಬಾಡಿ ಸೊಟ್ಟಗಾಗಿ ಹಾಗೆಯೇ ಗಟ್ಟಿಯಾಗುತ್ತದೆ. ಕೊನೆಯ ಸಪಾಟು ಕೆಲಸ ಇದಾದ ಮೇಲೆಯೇ.

ಬಣ್ಣದ ಆಯ್ಕೆಯೂ ಇಲ್ಲಿ ಸೇರುತ್ತದೆ. ಕಪ್ಪು, ಕಡು ನೀಲಿ, ಮರೂನ್ ಮೈ ಬಿಸಿಲಿಗೆ ಬಿಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ, ಸಾಮಾನ್ಯ ಪಾಲಿಯೆಸ್ಟರ್ ಮೆದುವಾಗತೊಡಗುವ ಮಟ್ಟಕ್ಕೆ ಹತ್ತಿರವಾಗುತ್ತದೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಬಿಸಿಲಿಗೆ ನಿಲ್ಲುವ ಫೈಬರ್ ಗಾಡಿಗೆ ತಿಳಿ ಬಣ್ಣವೇ ಸರಿ. ಕಡು ಬಣ್ಣವೇ ಬೇಕೆಂದರೆ ಮೈಯ ತಯಾರಿ ಎರಡು ಪಟ್ಟು.

ಸಪಾಟು ಮಾಡಲು ಕೈ ಬೆರಳು, ಸ್ಪಂಜು ಸಾಲದು. 40ರಿಂದ 60 ಸೆಂಮೀ ಉದ್ದದ ಕಟ್ಟಿಗೆ ಪಟ್ಟಿ ಬೇಕು. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಿಗೆ ಪ್ಯಾಟರ್ನ್ ಮಾಡುವ ಬಡಿಗರಿಂದ ರಂದಾ ಹೊಡೆಸಿ ತಂದರೆ ನೆಟ್ಟಗಿರುತ್ತದೆ. ಅದು ನೆಟ್ಟಗಿದೆಯೇ ನೋಡಲು ಇಳಕಲ್ ಗ್ರಾನೈಟಿನ ಪಾಲಿಶ್ ಮಾಡಿದ ತುಂಡೊಂದು ಸಾಕು: ಅದರ ಮೇಲೆ ಪೇಪರ್ ಹಾಸಿ ಪಟ್ಟಿಯನ್ನು ನಾಲ್ಕು ಸಲ ಎಳೆದರೆ ಎತ್ತರದ ಜಾಗ ಬಿಳಿಚಿಕೊಳ್ಳುತ್ತದೆ. ಬಾಡಿಯ ಮೇಲೆ ಕಪ್ಪು ಬಣ್ಣವನ್ನು ತೆಳ್ಳಗೆ ಸಿಂಪಡಿಸಿ, ಪಟ್ಟಿಯನ್ನು ಓರೆಯಾಗಿ ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ಎಳೆಯಿರಿ. ಕಪ್ಪು ಉಳಿದದ್ದು ತಗ್ಗು, ಮೊದಲು ಮಾಯವಾದದ್ದು ಉಬ್ಬು. ಉಬ್ಬನ್ನು ಉಜ್ಜುತ್ತ ಎಳೆ ಕಾಣಿಸಿದರೆ ಅಲ್ಲೇ ನಿಲ್ಲಿಸಿ, ಸುತ್ತಲಿನ ತಗ್ಗನ್ನು ತುಂಬಿ. ಬಯಲಾದ ಎಳೆ ತೇವ ಹೀರುತ್ತದೆ, ಅದರ ಮೇಲೆ ರೆಸಿನ್ ಅಥವಾ ಎಪಾಕ್ಸಿ ಪ್ರೈಮರ್ ಮುಚ್ಚಿಯೇ ಮುಂದೆ ಹೋಗಬೇಕು.

ಪೇಪರಿನ ಕ್ರಮ: ಆಕಾರಕ್ಕೆ 80, 120, ಪ್ರೈಮರಿಗೆ ಮೊದಲು 180ರಿಂದ 220, ಪ್ರೈಮರ್ ಮೇಲೆ ಒಣದಾಗಿ 320, 400, ಮೆಟಾಲಿಕ್ ಬಣ್ಣವಾದರೆ ನೀರಿನೊಂದಿಗೆ 600ರಿಂದ 800. ನಡುವಿನ ನಂಬರ್ ಹಾರಿಸಿದರೆ 80ರ ಗೀರು ಬಣ್ಣದ ಥಿನ್ನರಿಗೆ ಉಬ್ಬಿ ಮತ್ತೆ ಕಾಣುತ್ತದೆ. ಮೇಲೆ ಎರಡು ಭಾಗದ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪಿಯು (ಪಾಲಿಯುರೆಥೇನ್) ಸರ್ಫೇಸರ್, ಅಂದರೆ ಸಣ್ಣ ಗೀರು ತುಂಬುವ ಪ್ರೈಮರ್, ಕೊನೆಗೆ ಪಿಯು ಬಣ್ಣ. ಎನ್‌ಸಿ ಪ್ರೈಮರ್ ಅಗ್ಗ, ಆದರೆ ಅದರ ಥಿನ್ನರ್ ಪುಟ್ಟಿಯ ಅಂಚನ್ನು ಎಬ್ಬಿಸಿ ನಕ್ಷೆಯಂತೆ ಗೆರೆ ಮೂಡಿಸುತ್ತದೆ.

ಬಣ್ಣ ಆದ ಮೇಲೆ ಸಾಸಿವೆಯಷ್ಟು ಗುಳ್ಳೆಗಳ ಗುಂಪು

ಗುಳ್ಳೆಯನ್ನು ಸೂಜಿಯಿಂದ ಒಡೆಯಿರಿ. ಬರಿ ಗಾಳಿ ಬಂದು ಕೆಳಗೆ ಕುಳಿ ಕಂಡರೆ ಅದು ಸೂಜಿತೂತು, ಮೇಲಿನ ಭಾಗಕ್ಕೆ ಹಿಂತಿರುಗಿ. ನೀರಿನ ಹನಿ ಬಂದರೆ ಉಪ್ಪು ಅಥವಾ ತೇವ. ಬಾಗಲಕೋಟೆ, ವಿಜಯಪುರದ ಅನೇಕ ಕಡೆ ಬೋರ್ ನೀರು ಗಡಸು, ಬಕೆಟ್ಟಿನ ಅಂಚಿಗೆ ಬಿಳಿ ಕಟ್ಟುತ್ತದೆ. ಅದೇ ನೀರಿನಲ್ಲಿ ವಾಟರ್ ಪೇಪರ್ ಹೊಡೆದು ಹಾಗೇ ಒಣಗಿಸಿದರೆ ಉಪ್ಪು ಪ್ರೈಮರ್ ಮೇಲೆ ಉಳಿಯುತ್ತದೆ. ಬಣ್ಣದ ಪದರದ ಮೂಲಕ ತೇವವನ್ನು ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಉಜ್ಜಲು ಬೋರ್ ನೀರು ಬಳಸಿದರೂ ಕೊನೆಯ ಎರಡು ತೊಳೆತ ಶುದ್ಧ ಕುಡಿಯುವ ನೀರಿನ ಘಟಕದ ನೀರಿನಲ್ಲಿರಲಿ, 20 ಲೀಟರಿನ ಎರಡು ಕ್ಯಾನ್ ಇಡೀ ಬಾಡಿಗೆ ಆಗುತ್ತದೆ. ಹರಿದು ಒಣಗಲು ಬಿಡದೆ ಒರೆಸಿ ತೆಗೆಯಿರಿ.

ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವವೇ ಶತ್ರು. ಪಿಯು ಹಾರ್ಡ್‌ನರ್ ನೀರಿನೊಂದಿಗೆ ಸೇರಿದರೆ ಅನಿಲ ಬಿಟ್ಟು ಸಣ್ಣ ಗುಳ್ಳೆ ಮಾಡುತ್ತದೆ, ಹೊಳಪು ಹೋಗುತ್ತದೆ. ಮಳೆಗಾಲದಲ್ಲಿ ಬಾಡಿಯ ಕೆಲಸ ಮಾಡಿ, ಬಣ್ಣ ನವೆಂಬರಿಗೆ ಇಟ್ಟುಕೊಳ್ಳಿ. ಮಾಡಲೇಬೇಕಾದರೆ ಕಂಪ್ರೆಸರ್ ಟ್ಯಾಂಕಿನ ನೀರನ್ನು ತಾಸಿಗೊಮ್ಮೆ ಬಿಡಿ, ಗನ್ನಿನ ಹತ್ತಿರ ನೀರು ಹಿಡಿಯುವ ಫಿಲ್ಟರ್ ಹಾಕಿ.

ಬಣ್ಣದಲ್ಲಿ ಕಪ್ಪು ಚುಕ್ಕೆ ಕುಳಿತರೆ ಸುತ್ತಮುತ್ತ ನೋಡಿ. ಕಬ್ಬು ನುರಿಸುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಚಿಮಣಿಯ ಬೂದಿ ದೂರದವರೆಗೂ ತೇಲಿ ಬರುತ್ತದೆ. ಎರೆ ಭೂಮಿಯ ಧೂಳು ಬೇಸಿಗೆಯ ಗಾಳಿಗೆ ಏಳುತ್ತದೆ. ಫೈಬರ್ ವಿದ್ಯುತ್ ಹರಿಸುವುದಿಲ್ಲ, ಒರೆಸಿದಷ್ಟೂ ಸ್ಥಿರವಿದ್ಯುತ್ ಕಟ್ಟಿಕೊಂಡು ಧೂಳನ್ನು ಎಳೆದುಕೊಳ್ಳುತ್ತದೆ. ನೆಲಕ್ಕೆ ನೀರು ಚಿಮುಕಿಸಿ, ಗಾಳಿ ಕಡಿಮೆ ಇರುವ ನಸುಕಿನಲ್ಲಿ ಬಣ್ಣ ಹೊಡೆಯಿರಿ, ಕೊನೆಗೊಮ್ಮೆ ಟ್ಯಾಕ್ ಬಟ್ಟೆಯಿಂದ (ಧೂಳು ಹಿಡಿಯುವ ಅಂಟು ಅರಿವೆ) ಹಗುರಾಗಿ ಸವರಿ. ಫೈಬರ್ ವಿದ್ಯುತ್ ಹರಿಸದ ಕಾರಣಕ್ಕೇ ಹೆಡ್‌ಲೈಟ್, ಹಾರ್ನಿಗೆಲ್ಲ ಚಾಸಿಯಿಂದ ಪ್ರತ್ಯೇಕ ಅರ್ಥ್ ವೈರ್ ಎಳೆಯಬೇಕು, ತಗಡಿನ ಬಾಡಿಯಂತೆ ಮೈಗೆ ಸ್ಕ್ರೂ ಹೊಡೆದರೆ ಉರಿಯುವುದಿಲ್ಲ.

ಉಜ್ಜುವಾಗ ಏಳುವ ಗಾಜಿನ ಧೂಳಿಗೆ ಮೂಗಿಗೆ ಕಟ್ಟಿದ ಕರವಸ್ತ್ರ ಏನೂ ಮಾಡುವುದಿಲ್ಲ, ಪಿ2 ದರ್ಜೆಯ ಮಾಸ್ಕ್ ಬೇಕು. ಪಿಯು ಬಣ್ಣ ಹೊಡೆಯುವಾಗ ಅದೂ ಸಾಲದು. ಹಾರ್ಡ್‌ನರಿನ ಐಸೊಸೈಯನೇಟ್ ಒಮ್ಮೆ ಮೈಗೆ ಒಗ್ಗದೆ ಹೋದರೆ ಜೀವನಪೂರ್ತಿ ಉಬ್ಬಸ ತರುತ್ತದೆ, ಹೊರಗಿನಿಂದ ಶುದ್ಧ ಗಾಳಿ ತರುವ ಮುಖವಾಡ ಬೇಕು. ಅದಿಲ್ಲದಿದ್ದರೆ ಅಂಥ ವ್ಯವಸ್ಥೆ ಇರುವ ಪೇಂಟ್ ಬೂತಿಗೇ ಕಳಿಸಿ. ಬಣ್ಣ ಒಣಗಿಸುವಾಗ ಬಾಡಿಯ ಮೈ 60 ಡಿಗ್ರಿ ದಾಟಬಾರದು ಎಂದು ಅಲ್ಲಿ ಮೊದಲೇ ಹೇಳಿ, ತಗಡಿನ ಲೆಕ್ಕದಲ್ಲಿ ಬಿಸಿ ಕೊಟ್ಟರೆ ಹಲಗೆ ಬಾಗುತ್ತದೆ.

ಬಣ್ಣವಾದ ಮೇಲೆ ಬಿಡಿಭಾಗ ಕೂರಿಸುವಾಗಲೇ ಹೊಸ ಬಿರುಕು ಹುಟ್ಟುವುದು. ತೂತು ಕೊರೆಯುವ ಜಾಗಕ್ಕೆ ಟೇಪ್ ಅಂಟಿಸಿ, ಹೊರಬದಿಯಿಂದ, ಮೊದಲು 3 ಮಿಮೀ ಬಿಟ್ಟಿನಿಂದ ಶುರು ಮಾಡಿ. 6 ಮಿಮೀ ಬೋಲ್ಟಿಗೆ ತೂತು 7 ಮಿಮೀ ಇರಲಿ, ಬಾಯಿಯ ಅಂಚನ್ನು ಕೌಂಟರ್‌ಸಿಂಕ್ ಬಿಟ್ಟಿನಿಂದ ಕೈಯಲ್ಲೇ ಎರಡು ಸುತ್ತು ತಿರುಗಿಸಿ ಚೂಪಿಲ್ಲದಂತೆ ಮಾಡಿ. ಹಿಂದೆ 25 ಮಿಮೀ ಅಗಲದ ವಾಷರ್, ಅದರ ಕೆಳಗೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬಿಲ್ಲೆ. ರಬ್ಬರಿನ ಅಂಚು ಉಬ್ಬತೊಡಗಿದ ಕೂಡಲೇ ಬಿಗಿಯುವುದನ್ನು ನಿಲ್ಲಿಸಿ, ಕಳಚದಂತೆ ನೈಲಾಕ್ ನಟ್ ಹಾಕಿ.